ಅಜ್ಜನ ರಿವಾಲ್ವರಿಗೆ ಅವಮಾನ

ಹೈದರಾಬಾದಿಗೆ ಬಂದ ಕೊಡಗಿನವರು ನಾಲ್ಕು ಜನ ಸೇರಿದರೆ ಮಾತು ಪಂದಿಕರಿಯಲ್ಲಿ ಶುರುವಾಗಿ ಕೋವಿಯಲ್ಲಿ ಮುಗಿಯುತ್ತದೆ. ಈ ಸಲ ಮುಗಿದದ್ದು ಜಗಳದಲ್ಲಿ. ಅಜ್ಜನ ಹಳೇ ವೆಬ್ಲಿ ರಿವಾಲ್ವರನ್ನು ರೇಂಜಿಗೆ ಒಯ್ದು ಗುರಿ ಪರೀಕ್ಷೆ ಮಾಡಿದೆ ಅಂದದ್ದೇ ತಪ್ಪಾಯಿತು. “ಅಲ್ಲ ಮಾರಾಯ, ಅಜ್ಜನ ಹತ್ಯಾರನ್ನ ಪರೀಕ್ಷೆ ಮಾಡೋದಾ? ಅದು ಪೂಜೆಗೆ ಇಡೋದು!” ಎಂದರು ಹಿರಿಯರೊಬ್ಬರು. ಅಲ್ಲಿ ಅವರೆದುರು ಬಾಯಿ ಮುಚ್ಚಿಕೊಂಡೆ. ಇಲ್ಲಿ ಹೇಳುತ್ತೇನೆ.

ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಸಿಕ್ಕಿಸಿ ಕೈಮುಗಿಯುತ್ತೇವೆ, ನಿಜ. ಆಮೇಲೆ? ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತೇವೆ. ಕಾಯಿ ಒಡೆಯದಿದ್ದರೆ ಊರೇ ನಗುತ್ತದೆ. ಅಂದರೆ ಪರೀಕ್ಷೆಯೂ ಹಬ್ಬದ ಭಾಗವೇ. ಊರು ಬಿಟ್ಟ ನಾವು ಹೂವನ್ನು ಮಾತ್ರ ಇಟ್ಟುಕೊಂಡು ತೆಂಗಿನಕಾಯಿಯನ್ನು ಬಿಟ್ಟುಬಿಟ್ಟೆವು.

ನಾನು ಮಾಡಿದ್ದು ಇಷ್ಟೇ. ಮೊದಲು ಬಂದೂಕು ರಿಪೇರಿಯವರಿಗೆ ತೋರಿಸಿ ಬಿರುಕಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಸಿಲಿಂಡರಿನ ಆರು ಚೇಂಬರುಗಳಿಗೆ ಒಂದರಿಂದ ಆರರವರೆಗೆ ಗುರುತು ಹಾಕಿದೆ. 10 ಮೀಟರ್ ದೂರದಲ್ಲಿ, ಕೈಯನ್ನು ಮರಳಿನ ಚೀಲದ ಮೇಲಿಟ್ಟು, ಪ್ರತಿ ಸಲವೂ ಹ್ಯಾಮರ್ ಎಳೆದು, ಒಂದೊಂದು ಚೇಂಬರಿನಿಂದ ಐದೈದು ಗುಂಡು, ಒಂದೊಂದಕ್ಕೂ ಬೇರೆ ಕಾಗದ. ಒಟ್ಟು 30 ಗುಂಡು. ಐದು ಚೇಂಬರುಗಳ ಗುಂಡು ಅಂಗೈಯಗಲದೊಳಗೆ ಬಿದ್ದವು. ನಾಲ್ಕನೆಯದರ ಗುಂಡು ಮಾತ್ರ ಒಂದು ಗೇಣು ಕೆಳಗೆ, ಎಡಕ್ಕೆ. ನನ್ನ ಕೈಯದೇ ದೋಷವಿರಬಹುದೆಂದು ಇನ್ನೊಬ್ಬರಿಂದ ಹೊಡೆಸಿದೆ. ಮತ್ತೆ ಅದೇ ನಾಲ್ಕು, ಅದೇ ಎಡ.

ರಿಪೇರಿಯವರು ಬಿಚ್ಚಿ ನೋಡಿದರು. ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕಚ್ಚು ಅಲ್ಲಿ ಸವೆದಿತ್ತು. ಚೇಂಬರು ನಳಿಗೆಗೆ ನೇರ ನಿಲ್ಲುತ್ತಿರಲಿಲ್ಲ. ಹಾಗಾದಾಗ ಗುಂಡು ನಳಿಗೆಯ ಅಂಚಿಗೆ ತಾಗುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರು ಯಾರು? ಹೆಂಡತಿಯೋ, ಮಗನೋ. ಆರನ್ನೂ ಒಂದೇ ಕಾಗದಕ್ಕೆ ಹೊಡೆದಿದ್ದರೆ “ಒಂದು ತಪ್ಪಿತು ಬಿಡು” ಅಂತ ಮನೆಗೆ ಬರುತ್ತಿದ್ದೆ.

ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಸ್ವಾಮಿ, ವಿನಾಯಿತಿ ಇರುವುದು ಪರವಾನಗಿಗೆ, ಸವೆದ ಕಚ್ಚಿಗಲ್ಲ. ನನ್ನ ಹಾಗೆ ಪರವಾನಗಿ ಇದ್ದವರ ಕಥೆಯೂ ಬೇರೆಯಲ್ಲ. 2019ರ ತಿದ್ದುಪಡಿಯಿಂದ ಅದರ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ನವೀಕರಣಕ್ಕೆ ಹೋದಾಗ ನಂಬರು ಸರಿಯಿದೆಯೇ ಎಂದು ನೋಡಿದರು, ಗುರಿ ಸರಿಯಿದೆಯೇ ಎಂದು ಕೇಳಲಿಲ್ಲ. ಅದನ್ನು ಕೇಳಿಕೊಳ್ಳಬೇಕಾದವರು ನಾವೇ.

“ಗುಂಡು ದುಬಾರಿ, ಸಿಗೋದೂ ಕಷ್ಟ” ಅನ್ನುತ್ತೀರಿ. ಒಪ್ಪಿದೆ. ಹಾಗಿದ್ದರೆ ಅದು ಮನೆ ಕಾಯುತ್ತದೆ ಅನ್ನುವ ಮಾತನ್ನಾದರೂ ಬಿಡಿ. ಪರದೇಶಿಗಳಾದ ನಮಗೆ ಅದು ಅಜ್ಜನ ನೆನಪು, ಅಷ್ಟೇ ಸಾಕು. ನೆನಪಿಗೆ ಗುಂಡು ತುಂಬಿ ತಲೆದಿಂಬಿನ ಕೆಳಗೆ ಇಡಬೇಡಿ.

ನನ್ನದು ಈಗ ರಿಪೇರಿಯಲ್ಲಿದೆ. ಸರಿಯಾಗದಿದ್ದರೆ ಕಾನೂನಿನ ಪ್ರಕಾರ ಒಪ್ಪಿಸಿ ಕೈತೊಳೆದುಕೊಳ್ಳುತ್ತೇನೆ. ಗುರಿ ತಪ್ಪಿದರೆ ಅಜ್ಜ ಯಾರನ್ನೂ ಬಿಡುತ್ತಿರಲಿಲ್ಲ, ತನ್ನ ರಿವಾಲ್ವರನ್ನೂ ಬಿಡುತ್ತಿರಲಿಲ್ಲ. ನಿಮ್ಮ ಬೀರುವಿನಲ್ಲಿರುವುದನ್ನು ಕೊನೇ ಸಲ ಹೊಡೆದು ನೋಡಿದ್ದು ಯಾವಾಗ?