ಮೂರ್ ಪಕ್ಕದ ಬಂಗಲೆ ಮಾರಾಟಕ್ಕಿದೆ. ಯಾರಿಗೆ?

(1/7)
ಮೊದಲು ಫೋಟೊ ನೋಡಿ. ಒಂದೇ ಅಂತಸ್ತಿನ ಒಂಟಿ ಮನೆ, ಮುಂದೆ ಪುಟ್ಟ ತೋಟ, ಹಿಂದೆ ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣದ ಗುಡ್ಡ. ಗೇಟಿನ ಪಕ್ಕ 'ಮಾರಾಟಕ್ಕಿದೆ' ಅನ್ನೋ ಬೋರ್ಡು. ಮೊನ್ನೆ ಇದನ್ನ ಸ್ಟೋರಿಗೆ ಹಾಕಿದ್ದಕ್ಕೆ ನಮ್ಮ ಕ್ಲಾಸಿನ ಅರ್ಧ ಜನ ಹಾರ್ಟ್ ಒತ್ತಿದ್ರಿ. "ಡ್ರೀಮ್ ಹೌಸ್ ಮಗಾ", "ರಿಟೈರ್ ಆದ್ಮೇಲೆ ಇಲ್ಲೇ", "ವೀಕೆಂಡ್ ಗೋಲ್ಸ್". ಒಬ್ಬ ಅಂತೂ ಇಎಂಐ ಎಷ್ಟು ಬರುತ್ತೆ ಅಂತ ಕೇಳಿದ. ಅವನಿಗೆ ಉತ್ತರ ಮೂರನೇ ಕ್ಯಾಪ್ಷನ್‌ನಲ್ಲಿದೆ, ಕಾಯಪ್ಪ.

ಈ ಫೋಟೊ ತೆಗೆದಿದ್ದು ನಮ್ಮ ದೊಡ್ಡಪ್ಪನ ಮಗಳು. ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್‌ನಲ್ಲಿ ನರ್ಸು. ಈ ಊರಿನ ಅಜ್ಜ ಅಜ್ಜಿಯರು ಕಾಯಿಲೆ ಬಿದ್ದಾಗ ನೋಡಿಕೊಳ್ಳೋದು ಅವಳ ವಾರ್ಡಿನವರೇ. ಆದ್ರೆ ಈ ಊರಲ್ಲಿ ಅವಳಿಗೆ ಬಾಡಿಗೆಗೆ ಒಂದು ರೂಮೂ ಸಿಗಲಿಲ್ಲ. ದಿನಾ 50 ನಿಮಿಷ ಕಾರು ಓಡಿಸಿಕೊಂಡು ಹೋಗ್ತಾಳೆ. ಚಳಿಗಾಲದಲ್ಲಿ ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬರ್ತಾಳೆ. ದಾರೀಲಿ ಸಿಗೋ ಹಳ್ಳಿಗಳಲ್ಲಿ ಎಷ್ಟು ಮನೆಗೆ ದೀಪ ಹತ್ತಿದೆ ಅಂತ ಎಣಿಸೋದು ಅವಳ ಅಭ್ಯಾಸ ಆಗಿಬಿಟ್ಟಿದೆ. ಫೋಟೊ ಜೊತೆ ಅವಳು ಕಳಿಸಿದ್ದು ಒಂದೇ ಸಾಲು: "ಇದೂ ಹೋಯ್ತು ನೋಡು."

ಆ ಒಂದು ಸಾಲಿಗೋಸ್ಕರ ಈ ಸರಣಿ. ಹಾರ್ಟ್ ಒತ್ತಿದವರೆಲ್ಲ ಪೂರ್ತಿ ಓದ್ಲೇಬೇಕು.

(2/7)
ಶುರುವಿನಲ್ಲೇ ಎರಡು ಪದ ಸರಿ ಮಾಡ್ಕೊಳ್ಳೋಣ.

ಬಂಗಲೆ ಅಂದ್ರೆ ನಮಗೆ ದೊಡ್ಡ ಸಾಹುಕಾರರ ಮನೆ. ಬ್ರಿಟನ್ನಿನಲ್ಲಿ ಬಂಗಲೋ ಅಂದ್ರೆ ಮೆಟ್ಟಿಲಿಲ್ಲದ, ಒಂದೇ ಅಂತಸ್ತಿನ ಮನೆ, ಅಷ್ಟೇ. ಪದ ಹೋಗಿದ್ದು ನಮ್ಮ ಕಡೆಯಿಂದಲೇ. ಬಂಗಾಳದ ಹಳ್ಳಿಗಳ ಗುಡಿಸಿಲಿಗೆ 'ಬಾಂಗ್ಲಾ' ಅಂತಿದ್ರು, ಕಂಪನಿಯವರು ಅದನ್ನ ಹೊತ್ಕೊಂಡು ಹೋದ್ರು. 1870ರ ಆಸುಪಾಸಿನಲ್ಲಿ ಕೆಂಟ್‌ನ ಸಮುದ್ರ ತೀರದಲ್ಲಿ ಈ ಹೆಸರಿನ ಮನೆಗಳು ಎದ್ದವು, ಅವೂ ರಜೆಗೆ ಬರೋ ಶ್ರೀಮಂತರಿಗೆ. ಆಮೇಲೆ ಅದು ಸಾಮಾನ್ಯರ ಮನೆಯಾಯ್ತು. ಮಂಡಿ ನೋವಿರೋ ಮುದುಕರಿಗೆ ಇದಕ್ಕಿಂತ ಒಳ್ಳೇದಿಲ್ಲ, ಹತ್ತೋದು ಇಳಿಯೋದು ಏನೂ ಇಲ್ಲ.

ಇನ್ನು ಮೂರ್. ಇದು ಕಾಡಲ್ಲ, ಹೊಲವೂ ಅಲ್ಲ. ಎತ್ತರದ ಬೋಳು ಬಯಲು, ಹುಳಿ ಮಣ್ಣು, ಕೆಲವು ಕಡೆ ಜೌಗು. ಹೆದರ್ ಅನ್ನೋ ಕುರುಚಲು ಗಿಡ ಆಗಸ್ಟ್‌ನಲ್ಲಿ ಹೂ ಬಿಟ್ಟಾಗ ಇಡೀ ಗುಡ್ಡ ನೇರಳೆ. ನಾರ್ತ್ ಯಾರ್ಕ್ ಮೂರ್ಸ್ 1952ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು, 1,400 ಚದರ ಕಿಲೋಮೀಟರಿಗಿಂತ ಜಾಸ್ತಿ ಇದೆ.

ಜಾಹೀರಾತಿನಲ್ಲಿ ಇದನ್ನ "ಮನುಷ್ಯ ಮುಟ್ಟದ ಪ್ರಕೃತಿ" ಅಂತ ಮಾರ್ತಾರೆ. ಸುಳ್ಳು. ಸಾವಿರಾರು ವರ್ಷದ ಹಿಂದೆ ಅಲ್ಲಿ ಕಾಡಿತ್ತು, ಜನ ಕಡಿದ್ರು. ಆಮೇಲೆ ಕುರಿ ಮೇಯಿಸಿ, ಹಳೇ ಹೆದರನ್ನ ಸರದಿ ಪ್ರಕಾರ ಸುಟ್ಟು ಬಯಲಾಗಿಯೇ ಉಳಿಸಿಕೊಂಡ್ರು. ಆ ಸುಡೋದರಲ್ಲಿ ಗ್ರೌಸ್ ಹಕ್ಕಿ ಬೇಟೆಯಾಡೋ ದೊಡ್ಡ ಎಸ್ಟೇಟಿನವರ ಸ್ವಾರ್ಥವೂ ಇದೆ, ಅದರ ಬಗ್ಗೆ ದೊಡ್ಡ ಜಗಳವೂ ಇದೆ. ಒಳ್ಳೇದೋ ಕೆಟ್ಟದ್ದೋ, ಆ ನೋಟ ಜನರ ಕೈಕೆಲಸ. ಅಲ್ಲಿನ ಕುರಿಗಳಿಗೆ ಬೇಲಿ ಇಲ್ಲದಿದ್ರೂ ತಮ್ಮ ಗುಡ್ಡ ಯಾವುದು ಅಂತ ಗೊತ್ತು, ತಾಯಿಯಿಂದ ಮರಿ ಕಲಿಯುತ್ತೆ. ಕುರುಬನ ಮನೆ ಖಾಲಿಯಾದ್ರೆ ಆ ಕಲಿಕೆಯೂ ನಿಲ್ಲುತ್ತೆ.

(3/7)
ಈಗ ಇಎಂಐ ಕೇಳಿದವನಿಗೆ. ಬಿಕಾಂ ಓದ್ತಾ ಇದ್ದೀವಿ, ಲೆಕ್ಕ ಮಾಡೋಣ.

ಅಕ್ಕ ಕಳಿಸಿದ ಜಾಹೀರಾತಿನಲ್ಲಿ ಈ ಮನೆಗೆ ಕೇಳಿರೋ ಬೆಲೆ 3,75,000 ಪೌಂಡ್. ಎರಡು ಬೆಡ್‌ರೂಮಿಗೆ. ಅಕ್ಕನ ಗ್ರೇಡಿನ ನರ್ಸಿಗೆ ವರ್ಷದ ಸಂಬಳ ಸುಮಾರು 30,000 ಪೌಂಡ್. ಅಂದ್ರೆ ಒಂದು ಪೈಸೆ ಖರ್ಚು ಮಾಡದೆ ಹನ್ನೆರಡೂವರೆ ವರ್ಷದ ಸಂಬಳ.

ಬ್ಯಾಂಕು ಸಾಮಾನ್ಯವಾಗಿ ಸಂಬಳದ ನಾಲ್ಕೂವರೆ ಪಟ್ಟು ಸಾಲ ಕೊಡುತ್ತೆ. 1,35,000. ಉಳಿದ 2,40,000 ಎಲ್ಲಿಂದ ತರ್ತಾಳೆ? ಹಾಗೂ ಹೀಗೂ ಯಾರೋ 3,00,000 ಸಾಲ ಕೊಟ್ರು ಅಂತಾನೇ ಇಟ್ಕೊಳ್ಳಿ. ಶೇ. 5ರ ಬಡ್ಡಿ, 25 ವರ್ಷ. ತಿಂಗಳ ಕಂತು ಸುಮಾರು 1,750. ತೆರಿಗೆ, ಪಿಂಚಣಿ ಎಲ್ಲ ಕಳೆದು ಅವಳ ಕೈಗೆ ಬರೋದು 2,000ದೊಳಗೆ. ಮಿಕ್ಕಿದ್ದರಲ್ಲಿ ಪೆಟ್ರೋಲು ಹಾಕಿಸ್ತಾಳೋ, ಅಕ್ಕಿ ತರ್ತಾಳೋ?

ಈಗ ಇನ್ನೊಬ್ಬ ಗಿರಾಕಿ. ದೊಡ್ಡ ನಗರದಲ್ಲಿ ಒಂದು ಮನೆ ಆಗಲೇ ಇದೆ, ಕೈಯಲ್ಲಿ ನಗದು ಇದೆ. ಎರಡನೇ ಮನೆ ಅಂತ ಸ್ಟಾಂಪ್ ಡ್ಯೂಟಿಯಲ್ಲಿ ಶೇ. 5 ಹೆಚ್ಚುವರಿ ಕಟ್ಟಬೇಕು, ಅಂದ್ರೆ 18,750. ಮುಖ ಸಿಂಡರಿಸ್ತಾನೆ, ಕಟ್ತಾನೆ, ಕೀ ತಗೊಂಡು ಹೋಗ್ತಾನೆ.

ಹಾಗಾಗಿ "ಕಷ್ಟಪಟ್ರೆ ಯಾರು ಬೇಕಾದ್ರೂ ಕೊಳ್ಳಬಹುದು" ಅನ್ನೋ ಡೈಲಾಗ್ ದಯವಿಟ್ಟು ನನ್ನ ಕಾಮೆಂಟಲ್ಲಿ ಹೊಡೀಬೇಡಿ. ರಾತ್ರಿ ಪಾಳಿ ಮಾಡೋ ನರ್ಸಿಗಿಂತ ಕಷ್ಟ ಪಡೋರು ಯಾರು ಹೇಳಿ.

(4/7)
"ಸರ್ಕಾರ ತೆರಿಗೆ ಹಾಕಿದೆಯಲ್ಲ" ಅಂತ ನಮ್ಮ ಟ್ಯಾಕ್ಸೇಶನ್ ಹುಲಿ ಕೇಳಬಹುದು. ಹಾಕಿದೆ. 2025ರ ಏಪ್ರಿಲ್ 1ರಿಂದ ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್ ಎರಡನೇ ಮನೆಗಳ ಕೌನ್ಸಿಲ್ ಟ್ಯಾಕ್ಸನ್ನ ದುಪ್ಪಟ್ಟು ಮಾಡಿದೆ. ವೇಲ್ಸ್‌ನಲ್ಲಿ 2023ರಿಂದ ಶೇ. 300ರವರೆಗೆ ಹೆಚ್ಚುವರಿ ಹಾಕೋ ಅಧಿಕಾರ ಕೌನ್ಸಿಲ್‌ಗಳಿಗಿದೆ. ಒಳ್ಳೇ ಕೆಲಸ.

ಆದ್ರೆ ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಅದೇ ಮನೆಯನ್ನ ವರ್ಷಕ್ಕೆ 140 ದಿನ ಬಾಡಿಗೆಗೆ ಇಟ್ಟು, 70 ದಿನ ನಿಜವಾಗಿ ಕೊಟ್ರೆ ಅದು 'ರಜೆ ಮನೆ', ಅಂದ್ರೆ ವ್ಯಾಪಾರ. ಕೌನ್ಸಿಲ್ ಟ್ಯಾಕ್ಸ್ ಹೋಯ್ತು, ವ್ಯಾಪಾರದ ತೆರಿಗೆ ಬಂತು. ಅಂಥ ಒಂದೇ ಆಸ್ತಿ ಇದ್ದು, ಅದರ ತೆರಿಗೆ ಮೌಲ್ಯ 12,000 ಪೌಂಡ್ ಒಳಗಿದ್ರೆ ಸಣ್ಣ ವ್ಯಾಪಾರಕ್ಕೆ ಕೊಡೋ ರಿಯಾಯಿತಿಯಲ್ಲಿ ಅದೂ ಸೊನ್ನೆ. ಕಸ ಎತ್ತೋಕೆ, ರಸ್ತೆಗೆ, ಶಾಲೆಗೆ ಪಕ್ಕದ ಮನೆ ಅಜ್ಜಿ ತೆರಿಗೆ ಕಟ್ತಾಳೆ, ಬಂಗಲೆ ಧಣಿ ಕಟ್ಟಲ್ಲ. ಕಾನೂನಿನೊಳಗೇ!

ಬಾಡಿಗೆಗೆ ಸರ್ಕಾರಿ ಮನೆ ಇಲ್ವಾ ಅಂತ ನಾನೂ ಕೇಳಿದೆ. ಇದ್ವಂತೆ. 1980ರ ಕಾನೂನಿನಲ್ಲಿ, ಥ್ಯಾಚರ್ ಕಾಲದಲ್ಲಿ, ಕೌನ್ಸಿಲ್ ಮನೆಗಳನ್ನ ಅದರಲ್ಲಿದ್ದ ಬಾಡಿಗೆದಾರರಿಗೇ ರಿಯಾಯಿತಿ ದರದಲ್ಲಿ ಮಾರೋಕೆ ಶುರು ಮಾಡಿದ್ರು. ಕೊಂಡವರಿಗೆ ಖುಷಿ. ಮಾರಿದಷ್ಟು ಮನೆ ಮತ್ತೆ ಕಟ್ಟಲಿಲ್ಲ, ಮುಂದಿನ ತಲೆಮಾರಿಗೆ ಚಿಪ್ಪು.

ಜನ ಸುಮ್ನೆ ಕೂತಿಲ್ಲ. ಮೂರ್ಸ್ ಪಕ್ಕದ ಬಂದರು ಊರು ವಿಟ್ಬಿಯಲ್ಲಿ 2022ರ ಜೂನ್‌ನಲ್ಲಿ ಒಂದು ಮತದಾನ ಆಯ್ತು. ಹೊಸದಾಗಿ ಕಟ್ಟೋ ಮನೆಗಳು ಅಲ್ಲೇ ಪೂರ್ಣಕಾಲ ವಾಸಿಸೋರಿಗೆ ಮಾತ್ರ ಇರಬೇಕಾ ಅನ್ನೋ ಪ್ರಶ್ನೆ. ಹೌದು 2,111. ಇಲ್ಲ 157. ಓಟು ಹಾಕಿದವರು ಕಡಿಮೆ, ಆ ಫಲಿತಾಂಶಕ್ಕೆ ಕಾನೂನಿನ ಬಲವೂ ಇರಲಿಲ್ಲ, ಒಪ್ಪಿದೆ. ಆದ್ರೂ ಈ ಅಂತರವನ್ನ ಯಾರೋ ನಾಲ್ಕು ಜನ ಹೊಟ್ಟೆಕಿಚ್ಚಿನವರ ಗೊಣಗಾಟ ಅನ್ನೋಕಾಗಲ್ಲ.

(5/7)
ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು, ಖಾಲಿ ಮನೆ ಯಾರಿಗೆ ಏನು ಮಾಡುತ್ತೆ ಅಂತೀರಾ?

2025ರ ಆಗಸ್ಟ್‌ನಲ್ಲಿ ಇದೇ ಮೂರ್ಸ್‌ನ ಲ್ಯಾಂಗ್‌ಡೇಲ್ ಮೂರ್‌ಗೆ ಬೆಂಕಿ ಬಿತ್ತು. ಸುಮಾರು 25 ಚದರ ಕಿಲೋಮೀಟರ್ ಸುಟ್ಟುಹೋಯ್ತು. ಪೀಟ್ ಅನ್ನೋ ಒಣಗಿದ ಜೌಗು ಮಣ್ಣು ಒಳಗಿಂದ ಒಳಗೇ ಉರಿಯುತ್ತೆ, ಮೇಲೆ ನೀರು ಹೊಯ್ದ್ರೆ ಆರಲ್ಲ. ಸಾಲದ್ದಕ್ಕೆ ಮಹಾಯುದ್ಧದ ಕಾಲದಲ್ಲಿ ಹೂತುಹೋಗಿದ್ದ ಮದ್ದುಗುಂಡು ಬಿಸಿಗೆ ಸಿಡೀತಿತ್ತು. ಅಗ್ನಿಶಾಮಕ ದಳದ ಜೊತೆ ನಿಂತಿದ್ದು ಯಾರು ಗೊತ್ತಾ? ಅಲ್ಲಿನ ರೈತರು. ಸಗಣಿ ಗಂಜಲ ಸಾಗಿಸೋ ಟ್ಯಾಂಕರಿಗೆ ನೀರು ತುಂಬಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಬಂದ್ರು. ಗೇಮ್‌ಕೀಪರ್‌ಗಳು ಬೆಂಕಿ ದಾಟದ ಹಾಗೆ ಗಿಡ ಕಡಿದು ಗಡಿ ಹಾಕಿದ್ರು.

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಎಷ್ಟೋ ಫೈರ್ ಸ್ಟೇಷನ್ ನಡೆಯೋದು 'ಆನ್ ಕಾಲ್' ಸಿಬ್ಬಂದಿಯಿಂದ. ದಿನಾ ಬೇರೆ ಕೆಲಸ ಮಾಡ್ಕೊಂಡಿರೋ ಪ್ಲಂಬರು, ಅಂಗಡಿಯವನು, ಟೀಚರು. ಕರೆ ಬಂದ ಕೆಲವೇ ನಿಮಿಷದಲ್ಲಿ ಸ್ಟೇಷನ್ನಿಗೆ ಬಂದು ಸೇರಬೇಕು, ಅಂದ್ರೆ ಅಷ್ಟು ಹತ್ತಿರ ಮನೆ ಇರಬೇಕು. ಸಮುದ್ರ ತೀರದ ಲೈಫ್‌ಬೋಟ್ ಸ್ವಯಂಸೇವಕರ ಕಥೆಯೂ ಅದೇ. ಹತ್ತಿರದ ಮನೆಗಳೆಲ್ಲ ವೀಕೆಂಡಿನವರ ಕೈಗೆ ಹೋದ್ರೆ ಮಂಗಳವಾರ ಬೆಂಕಿ ಬಿದ್ರೆ ಬರೋರು ಯಾರು?

ಬಂಗಲೆಯ ಜಾಹೀರಾತಿನಲ್ಲಿ 'ನೋಟ' ಅಂತ ಬೆಲೆ ಕಟ್ಟಿದಾರಲ್ಲ, ಆ ನೋಟವನ್ನ ಉಳಿಸಿಕೊಟ್ಟಿದ್ದು ಈ ಜನ. ಅದರ ದುಡ್ಡಲ್ಲಿ ಇವರಿಗೆ ಒಂದು ಪೌಂಡೂ ಬರಲ್ಲ.

(6/7)
ಈಗ ನನ್ನ ವಿರುದ್ಧದ ವಾದಗಳು. ಡಿಎಂನಲ್ಲಿ ಬಂದಿರೋದೇ ಮೂರು.

ಒಂದು: "ಮಾರೋರ ಹಕ್ಕು ಅದು." ಹೌದು. ಈ ಮನೆ ಮಾರ್ತಿರೋದು ಒಬ್ಬ ಅಜ್ಜಿಯ ಮಕ್ಕಳು. ಅಜ್ಜಿ ಈಗ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ, ಅದರ ಬಿಲ್ಲು ಭಾರೀ. ಅವರನ್ನ ಬೈಯೋಕೆ ನನಗೆ ಬಾಯಿಲ್ಲ. ನಾನು ಬೈತಿರೋದು, ಹೆಚ್ಚು ದುಡ್ಡು ಕೊಡೋನಿಗೇ ಮನೆ ಹೋಗೋ ಹಾಗೆ ಬಿಟ್ಟಿರೋ ನಿಯಮವನ್ನ. ನ್ಯಾಷನಲ್ ಪಾರ್ಕುಗಳಲ್ಲಿ 'ಸ್ಥಳೀಯ ವಾಸಿಗಳಿಗೆ ಮಾತ್ರ' ಅನ್ನೋ ಷರತ್ತಿನ ಮನೆಗಳು ಆಗಲೇ ಇವೆ. ಅವೂ ಮಾರಾಟ ಆಗ್ತವೆ, ಆದ್ರೆ ಬದುಕೋಕೆ ಬರೋರಿಗೆ.

ಎರಡು: "ಟೂರಿಸಂನಿಂದಲೇ ಊರು ನಡೆಯೋದು." ಸರಿ. ಆದ್ರೆ ಟೀ ಕೊಡೋ ಹುಡುಗಿ ಮಲಗೋದು ಎಲ್ಲಿ? ಅವಳಿಗೆ ಮನೆ ಇಲ್ಲದಿದ್ರೆ ನಿಮ್ಮ ಟೂರಿಸಂ ಕೆಫೆಗೆ ಬೀಗ. ಹೋಟೆಲ್ಲಿರಲಿ, ಕ್ಯಾಂಪ್‌ಸೈಟಿರಲಿ, ಯಾರೂ ಬೇಡ ಅಂದಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಮೂರ್ ಮೇಲೆ ನಡೆಯೋ ಹಕ್ಕು 2000ದ ಕಾನೂನಿನಿಂದ ಎಲ್ಲರಿಗೂ ಸಿಕ್ಕಿದೆ. ಅದಕ್ಕಾಗಿ 1932ರಲ್ಲಿ ಕಿಂಡರ್ ಸ್ಕೌಟ್ ಗುಡ್ಡಕ್ಕೆ ನುಗ್ಗಿ ಜೈಲಿಗೆ ಹೋದ ಕಾರ್ಮಿಕ ಹುಡುಗರಿದ್ದಾರೆ. ಗುಡ್ಡ ನೋಡೋಕೆ ಅಲ್ಲಿ ಮನೆ ಕೊಳ್ಳಬೇಕಾಗಿಲ್ಲ.

ಮೂರು, ನನಗೆ ನಿಜವಾಗ್ಲೂ ಚುಚ್ಚಿದ್ದು: "ನಿಮ್ಮಕ್ಕನೂ ಹೊರಗಿನವಳೇ ಅಲ್ವಾ?" ಹೌದು, ಏಳು ಸಾವಿರ ಕಿಲೋಮೀಟರಿಗಿಂತ ದೂರದಿಂದ ಹೋದವಳು. ಹಾಗಾಗಿ ಒಳಗಿನವರು, ಹೊರಗಿನವರು ಅನ್ನೋ ಜಗಳ ನನ್ನದಲ್ಲ. ಆ ಜಗಳ ಶುರುವಾದ್ರೆ ಮೊದಲ ಕಲ್ಲು ಬೀಳೋದೇ ಅಕ್ಕನ ಮೇಲೆ. ನಾನು ಕೇಳೋದು ಒಂದೇ: ಫೆಬ್ರವರಿಯ ಸೋಮವಾರ ರಾತ್ರಿ ಆ ಮನೇಲಿ ಇರ್ತೀಯಾ? ಇರ್ತೀನಿ ಅನ್ನೋನು ಮದ್ದೂರಿನವನಾದ್ರೂ ಸರಿ, ಮ್ಯಾಂಚೆಸ್ಟರಿನವನಾದ್ರೂ ಸರಿ, ಊರಿನವನೇ.

(7/7)
"ಇಂಗ್ಲೆಂಡಿನ ಚಿಂತೆ ನಿನಗ್ಯಾಕೆ" ಅಂದವರಿಗೆ ಕೊನೇದು.

ನಮ್ಮನೆ ಇರೋದು ಮೂಡಿಗೆರೆ ಕಡೆ, ಹುಲ್ಲುಗುಡ್ಡದ ಬುಡದಲ್ಲಿ. ಅಪ್ಪನಿಗೆ ಎರಡೂಕಾಲು ಎಕರೆ. 2020ರಲ್ಲಿ ನಮ್ಮ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅದಾದ ಮೇಲೆ ಬ್ರೋಕರ್ ಎರಡು ಸಲ ಬಂದು ಹೋಗಿದ್ದಾನೆ. "ವ್ಯೂ ಇದೆ ಸಾರ್, ಒಳ್ಳೇ ರೇಟು." ಪಕ್ಕದ ಎರಡು ಮನೆ ಆಗಲೇ ಹೋಗಿವೆ. ಶನಿವಾರ ಸಂಜೆ ಲೈಟು, ಭಾನುವಾರ ಮಧ್ಯಾಹ್ನ ಬೀಗ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದಾಗ ಮೊದಲು ಹತ್ತು ಜನ ಕತ್ತಿ ಹಿಡ್ಕೊಂಡು ಬರ್ತಿದ್ರು. ಹೋದ ಸಲ ಬಂದಿದ್ದು ಅಪ್ಪ ಸೇರಿ ನಾಲ್ಕು.

ಅಪ್ಪನನ್ನ ಹೀರೋ ಮಾಡ್ತಿಲ್ಲ. ನನ್ನ ಫೀಸಿಗೆ, ಅಮ್ಮನ ಆಪರೇಷನ್ನಿಗೆ ಅವರಿಗೂ ದುಡ್ಡು ಬೇಕು. ಆ ಕಾರ್ಡನ್ನ ಅವರು ಹರಿದುಹಾಕಿಲ್ಲ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಅದಕ್ಕೇ ಹೇಳ್ತಿರೋದು, "ಮಾರಬೇಡಿ" ಅಂತ ಬಡವನಿಗೆ ಉಪದೇಶ ಮಾಡಿ ಇದು ನಿಲ್ಲಲ್ಲ. ನಿಯಮ ಬೇಕು, ಅದನ್ನ ಕೇಳೋ ಜನ ಬೇಕು. ವಾಸಕ್ಕೆ ಬರೋರಿಗೆ ಒಂದು ತೆರಿಗೆ, ಬೀಗ ಹಾಕೋರಿಗೆ ಇನ್ನೊಂದು. ಪಂಚಾಯ್ತಿ ಕೈಯಲ್ಲಿ ಬಾಡಿಗೆಗೆ ಕೊಡೋ ನಾಲ್ಕು ಮನೆ, ನರ್ಸಿಗೆ, ಟೀಚರಿಗೆ, ಲೈನ್‌ಮನ್‌ಗೆ. ಇದನ್ನ ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳ್ತೀನಿ, ಕೈ ನಡುಗಿದ್ರೂ ಕೇಳ್ತೀನಿ. ನಿಮ್ಮೂರಲ್ಲಿ ನೀವು ಕೇಳಿ.

ಇನ್ನು ಮುಂದೆ ಇಂಥ ಫೋಟೊ ಕಂಡಾಗ ಹಾರ್ಟ್ ಒತ್ತೋ ಮೊದಲು ಕಾಮೆಂಟಲ್ಲಿ ಒಂದೇ ಪ್ರಶ್ನೆ ಹಾಕಿ: "ಇಲ್ಲಿ ಸೋಮವಾರ ಯಾರಿರ್ತಾರೆ?"

ಅಕ್ಕ ನಿನ್ನೆ ಮೆಸೇಜ್ ಮಾಡಿದ್ಲು. ಬೋರ್ಡಿನ ಮೇಲೆ 'ಮಾರಾಟವಾಗಿದೆ' ಅಂತ ಚೀಟಿ ಅಂಟಿಸಿದ್ದಾರಂತೆ. ಯಾರು ಕೊಂಡ್ರು ಗೊತ್ತಿಲ್ಲ. ಚಳಿಗಾಲ ಬರ್ಲಿ, ದೀಪ ನೋಡಿ ಹೇಳ್ತೀನಿ ಅಂದ್ಲು.

#ಸೋಮವಾರ_ಯಾರಿರ್ತಾರೆ #ಹಳ್ಳಿಮನೆ #ಬಿಕಾಂಲೆಕ್ಕ