ಮೇ ತಿಂಗಳ ಹೊಳಿ, ಆಗಸ್ಟ್ ತಿಂಗಳ ಹೊಳಿ



2019ನೇ ಇಸವಿ ನೆನಪೈತಿ ಹೌದಲ್ಲ? ಆ ವರ್ಷ ಮೇ ತಿಂಗಳಲ್ಲಿ ನಮ್ಮ ಕೃಷ್ಣಾ ಹೊಳಿ ಬತ್ತಿತ್ತು. ಕೊಯ್ನಾದಿಂದ ನೀರು ಬಿಡಿರಿ ಎಂದು ನಮ್ಮ ಸರಕಾರ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಆಗಸ್ಟಿನಲ್ಲಿ ಅದೇ ಹೊಳಿ ಜುಗೂಳ, ಮಂಗಾವತಿ, ಶಹಾಪುರಕ್ಕೆ ನುಗ್ಗಿತು. ನಾನಾಗ ಮೂರನೇ ಇಯತ್ತೆ. ಅವ್ವ ಮೊದಲು ಎಮ್ಮಿ ಬಿಚ್ಚಿದಳು, ಆಮೇಲೆ ನನ್ನ ಕೈ ಹಿಡಿದಳು. (ಅದಕ್ಕ ಇನ್ನೂ ಸ್ವಲ್ಪ ಸಿಟ್ಟೈತಿ.) 2021ರಲ್ಲಿ ಮತ್ತೆ ಮಹಾಪೂರ.

ಕಟ್ಟಿ ಮ್ಯಾಲೆ ಕುಂತ ಹಿರಿಯರು ಹೊಳಿ ಬಂದರೆ "ಧರಣದ ನೀರು ಬಿಟ್ರು" ಅಂತಾರೆ, ಬತ್ತಿದರೆ "ಬಿಡವಲ್ರು" ಅಂತಾರೆ. ಪೂರಾ ಸುಳ್ಳಲ್ಲ. ಆದರೆ ಕೊಯ್ನಾ ಹಿಡಿಯೋದು ಸುಮಾರು 105 ಟಿಎಂಸಿ. ತುಂಬಿದ ಮ್ಯಾಲೆ ಮಹಾಬಳೇಶ್ವರದ ಮಳೆ ಇಲ್ಲಿಗೇ ಬರಬೇಕು. ಹವಾ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಹಿಂಗಾಗಿ ಒಮ್ಮೆಲೇ ದಬದಬ ಸುರಿಯುವ ಮಳೆ ಹೆಚ್ಚುತ್ತಿದೆ.

ಆದರೆ ನಮ್ಮ ಹೊಲದ ಮಾತು ಯಾರೂ ಎತ್ತುವುದಿಲ್ಲ! ಈ ಭಾಗದ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಕಬ್ಬಿಗೆ 1500ಕ್ಕೂ ಮೇಲೆ ಬೇಕು. ಉಳಿದದ್ದನ್ನು ಹೊಳಿಯ ಮೋಟಾರು, ಬೋರು ಎಳೆಯುತ್ತವೆ. ಅಜ್ಜನ ಕಾಲದಾಗ ಹಿಂಗಾರಿ ಜೋಳ, ಕಡ್ಲಿ ಎರಿ ನೆಲದ ಹಸಿಯಲ್ಲೇ ಬೆಳೀತಿದ್ದವು. ಈಗ ದಂಡಿಯ ತುದಿವರೆಗೂ ಕಬ್ಬು. ಬ್ಯಾಸಗಿಯಲ್ಲಿ ಹೊಳಿ ಸೊರಗಿದಾಗಲೇ ಎಲ್ಲರ ಮೋಟಾರೂ ಓಡಬೇಕು. ಎರಿ ನೆಲಕ್ಕೆ ಹರಿನೀರು ಬಿಟ್ಟೂ ಬಿಟ್ಟೂ ಬಸಿಯದೆ, ಉಪ್ಪು ಮೇಲೆದ್ದು, ನಮ್ಮ ತಗ್ಗಿನ ಹೊಲದ ಮೂಲೆ ಸವಳಾಗಿದೆ. ಅಲ್ಲಿ ಹುಲ್ಲೂ ಏಳವಲ್ದು.

ನಾವೂ ಕಬ್ಬಿನವರೇ. ಅಕ್ಕನ ಮದುವೆ, ನನ್ನ ಸೈಕಲ್ಲು, ಎಲ್ಲಾ ಕಬ್ಬಿನ ಬಿಲ್ಲಿನಿಂದ. ಕಬ್ಬು ಪೂರಾ ಬಿಡ್ರಿ ಅನ್ನಲು ನನಗೆ ಬಾಯಿಲ್ಲ. ಒಂದಿಷ್ಟು ಹೊಲಕ್ಕಾದರೂ ಜೋಳ ಹಾಕೋಣ ಅಂದೆ. "ಮಹಾಪೂರದಾಗ ಜೋಳ ನಿಲ್ತದೇನು?" ಅಂದರು ಅಪ್ಪ. ಹಿಂಗಾರಿ ಜೋಳ ಬಿತ್ತೋದು ಸಪ್ಟೆಂಬರ್-ಅಕ್ಟೋಬರದಾಗ, ಹೊಳಿ ಇಳಿದ ಮ್ಯಾಲೆ, ಅಂದೆ. "ಮತ್ತ ರೊಕ್ಕ?" ಅಂದರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಜೋಳಕ್ಕೆ ಕಬ್ಬಿನಷ್ಟು ನಂಬಿಗಿಯ ಬೆಲಿ ಸಿಗೋತನಕ ಅಪ್ಪನಂಥವರು ಒಪ್ಪೋದು ಕಷ್ಟ ಅಂತ ನನಗನಿಸ್ತದೆ.

ಆದರೆ ರವದಿ ಸುಡೋದನ್ನ ನಿಲ್ಲಿಸಲು ಯಾರ ರೊಕ್ಕವೂ ಬೇಡ. ಸಾಲಿನಲ್ಲಿ ಹಾಸಿದರೆ ನೆಲದ ಹಸಿ ಬೇಗ ಆರುವುದಿಲ್ಲ, ನೀರಿನ ಪಾಳಿ ಕಡಿಮೆ ಸಾಕು. ಜಗಳಾಡಿ ಒಂದೆಕರೆಗೆ ಅಪ್ಪನನ್ನು ಒಪ್ಪಿಸಿದ್ದೇನೆ. ಈ ಸಲ ಅಲ್ಲಿ ಕಡ್ಡಿ ಗೀರಿಲ್ಲ. ನೋಡಬೇಕೆಂದವರು ರವಿವಾರ ಬರ್ರಿ, ರವದಿ ಸರಿಸಿ ಮಣ್ಣು ಮುಟ್ಟಿ ನೋಡ್ರಿ.