ಕ್ಯಾಮೆರಾ ಕಂಡದ್ದೆಲ್ಲ ಕಾಗದಕ್ಕೆ ಇಳಿಯುವುದಿಲ್ಲ

ಜಯನಗರ, ಬನಶಂಕರಿ, ಜೆ.ಪಿ. ನಗರದ ಛತ್ರಗಳಲ್ಲಿ ಮದುವೆ ಗೊತ್ತಾದ ಮನೆಯವರು ಫೋಟೋದವರ ಜೊತೆ ಮಾತಿಗೆ ಕೂತರೆ ಈಗ ಮೊದಲು ಬರುವುದು ಕ್ಯಾಮೆರಾದ ಸುದ್ದಿ. ಫುಲ್ ಫ್ರೇಮ್, 14 ಸ್ಟಾಪ್ ಡೈನಮಿಕ್ ರೇಂಜ್ ಎನ್ನುತ್ತಾರೆ. ಕೇಳುವವರು ತಲೆಯಾಡಿಸುತ್ತಾರೆ, ಪ್ಯಾಕೇಜಿನ ದರ ಏರುತ್ತದೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ಆಲ್ಬಮ್ಮಿನ ಲೆಕ್ಕವಲ್ಲ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು. ಹದಿನಾಲ್ಕು ಸಲ ಇಮ್ಮಡಿಸಿದರೆ 16,384 ಪಟ್ಟು. ಸೆನ್ಸರ್ ಒಮ್ಮೆಗೆ ಹಿಡಿಯಬಲ್ಲ ಮಬ್ಬಿಗೂ ಪ್ರಖರಕ್ಕೂ ಇರುವ ಅಂತರ ಅಷ್ಟು. ಕಾಗದಕ್ಕೆ ಬೇರೆ ಅಳತೆಯಿದೆ, ಡೆನ್ಸಿಟಿ. ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ಮರಳಿದರೆ ಡೆನ್ಸಿಟಿ 1, ನೂರರಲ್ಲೊಂದು ಪಾಲು ಮರಳಿದರೆ 2. ಒಳ್ಳೆಯ ಗ್ಲಾಸಿ ಫೋಟೋ ಕಾಗದದ ಕಡುಗಪ್ಪು 2.1ರ ಆಸುಪಾಸು, ಅದರ ಬಿಳಿ 0.1. ನಡುವಿನ ಡೆನ್ಸಿಟಿ ರೇಂಜ್ 2.0, ಅಂದರೆ ನೂರು ಪಟ್ಟು, ಆರೂವರೆ ಸ್ಟಾಪ್. ಮ್ಯಾಟ್ ಕಾಗದ ಐದರ ಹತ್ತಿರ ನಿಲ್ಲುತ್ತದೆ. ನಿಮ್ಮ ಕೈಲಿರುವ ಪತ್ರಿಕೆಯ ಕಾಗದ ಮೂರು ಸ್ಟಾಪ್ ದಾಟಿದರೆ ಹೆಚ್ಚು.

ಧಾರೆಯ ಹೊತ್ತಿನ ಒಂದು ಫ್ರೇಮ್ ನೋಡಿ. ವಿಡಿಯೋ ಲೈಟ್ ನೇರವಾಗಿ ಬಿದ್ದ ವರನ ಬಿಳಿ ಪಂಚೆ, ಪಕ್ಕದಲ್ಲಿ ಮಲ್ಲಿಗೆ ದಂಡೆಯ ನೆರಳು ಬಿದ್ದ ವಧುವಿನ ಜಡೆ, ಹಿಂದಿನ ಕಿಟಕಿಯಲ್ಲಿ ಹತ್ತು ಗಂಟೆಯ ಬಿಸಿಲು. ಕ್ಯಾಮೆರಾ ಮೂರನ್ನೂ ಹಿಡಿದೀತು. ಕಾಗದದಲ್ಲಿ ಮೂರಕ್ಕೂ ಜಾಗವಿಲ್ಲ. ಕಿಟಕಿ ಬೆಳ್ಳಗೆ ಹಾರಿಹೋದರೆ ಯಾರೂ ಅಳುವುದಿಲ್ಲ. ಪಂಚೆಯ ನಿರಿಗೆ ಅಳಿಸಿದರೆ ಅದು ಸುಣ್ಣ ಬಳಿದ ಗೋಡೆ, ಜಡೆಯ ಎಳೆ ಮುಳುಗಿದರೆ ಮಸಿಯ ಕಲೆ. ಯಾವುದನ್ನು ಬಿಟ್ಟುಕೊಡಬೇಕು ಎಂಬ ತೀರ್ಮಾನವೇ ಪ್ರಿಂಟಿಂಗ್. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ರೋಮೈಡ್ ಪೇಪರ್ ಸ್ಟುಡಿಯೋಗಳಲ್ಲಿ ಓಡುತ್ತಿದ್ದ ಕಾಲದಲ್ಲಿ ಇದು ಡಾರ್ಕ್‌ರೂಮಿನ ದಿನದ ಕೆಲಸವಾಗಿತ್ತು. ಕಾಂಟ್ರಾಸ್ಟ್ ಜಾಸ್ತಿಯಿದ್ದ ನೆಗೆಟಿವ್‌ಗೆ ಸಾಫ್ಟ್ ಪೇಪರ್, ಸಪ್ಪೆ ನೆಗೆಟಿವ್‌ಗೆ ಹಾರ್ಡ್ ಪೇಪರ್. ಉಳಿದದ್ದಕ್ಕೆ ಎನ್ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿಯುವುದು. ಡೈನಮಿಕ್ ರೇಂಜ್ ಎಂಬ ಮಾತು ಆ ಕೋಣೆಗಳಲ್ಲಿ ಕೇಳಿಬರದಿದ್ದರೂ ಇತಿಮಿತಿಯ ಅರಿವಿತ್ತು.

ಈಗ ಸಾಫ್ಟ್‌ವೇರ್ ತಾನೇ ಅದನ್ನೆಲ್ಲ ಹೊಂದಿಸುತ್ತದಲ್ಲ ಎಂಬ ಆಕ್ಷೇಪ ಸಹಜ. ಹೊಂದಿಸುತ್ತದೆ, ನಿಜ. ಆದರೆ 14 ಸ್ಟಾಪನ್ನೂ ಸಮನಾಗಿ ಆರೂವರೆಗೆ ಅದುಮಿದರೆ ಎಲ್ಲವೂ ಕಾಣುತ್ತದೆ, ಯಾವುದೂ ಎದ್ದು ನಿಲ್ಲುವುದಿಲ್ಲ; ಮುಖಗಳಿಗೆ ಬೂದಿ ಹಚ್ಚಿದ ಬಣ್ಣ ಬರುತ್ತದೆ. ಹಾಗಾದರೆ ದುಬಾರಿ ಕ್ಯಾಮೆರಾ ದಂಡವೇ? ಅಲ್ಲ. ಅದು ಆಯ್ಕೆಗೆ ಹೆಚ್ಚು ಸರಕು ಕೊಡುತ್ತದೆ, ಆಯ್ಕೆಯನ್ನು ತಾನು ಮಾಡುವುದಿಲ್ಲ. ಗ್ಲಾಸಿ ಹಾಕಿಸಿದರೆ ಕಪ್ಪು ಗಾಢವಾಗುತ್ತದೆ ಎನ್ನುವವರೂ ಇದ್ದಾರೆ. ಅಳೆಯುವ ಯಂತ್ರದ ಕೆಳಗೆ ಸರಿ. ಹಾಲ್‌ನ ಟ್ಯೂಬ್‌ಲೈಟ್ ಪುಟದ ಮೇಲೆ ಮಿನುಗಿ ಬರೀ ಶೇ 1ರಷ್ಟು ಹೆಚ್ಚುವರಿ ಬೆಳಕು ಕಣ್ಣಿಗೆ ಬಂದರೂ ಆ ನೂರು ಪಟ್ಟಿನ ಅಂತರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಆಲ್ಬಮ್ಮಿಗೆ ಯಾವ ಲ್ಯಾಮಿನೇಷನ್ ಎಂಬ ಪ್ರಶ್ನೆ ಬರೀ ಅಂದದ ಮಾತಲ್ಲ. ಇನ್ನು, ಈಗ ಎಲ್ಲರೂ ಫೋನಿನಲ್ಲೇ ನೋಡುತ್ತಾರಲ್ಲ ಎಂಬ ಮಾತು. ತಾನೇ ಬೆಳಗುವ ಫೋನಿನ ಪರದೆಯ ಕಪ್ಪು-ಬಿಳುಪಿನ ಅಂತರ ಕಾಗದದ್ದಕ್ಕಿಂತ ಎಷ್ಟೋ ದೊಡ್ಡದು. ಅದರಲ್ಲಿ ನೋಡಿ ಒಪ್ಪಿದ ಚಿತ್ರ ಪುಟದಲ್ಲಿ ಮಂಕಾದಾಗ ಬೈಗುಳ ಬೀಳುವುದು ಲ್ಯಾಬಿನವರಿಗೆ. ತಪ್ಪು ಬಹುಪಾಲು ಒಪ್ಪಿದ ಜಾಗದ್ದು.

ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಆಲ್ಬಮ್ಮಿಗೆ ಬಳಸುವ ಅದೇ ಹಾಳೆಯಲ್ಲಿ, ಅದೇ ಲ್ಯಾಮಿನೇಷನ್ನಿನಲ್ಲಿ ಹಳೆಯ ಮದುವೆಯೊಂದರ ಪ್ರಿಂಟ್ ಕೇಳಿ. ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಹಿಡಿದು ಪಂಚೆಯ ನಿರಿಗೆ, ಜಡೆಯ ಎಳೆ ಕಾಣುತ್ತವೆಯೇ ನೋಡಿ. ದರದ ಮಾತು ಆಮೇಲೆ.